ಕರೆಯದೇ ಬಂದವರ ರಿಪೇರಿ

ಹಿಂಬಾಗಿಲು ಕಿರುಗುಟ್ಟಲಿಲ್ಲ. ಮುಟ್ಟಿದರೆ ಇಡೀ ಓಣಿಗೆ ಕೇಳುವ ಹಾಗೆ ಅರಚುತ್ತಿದ್ದ ಬಾಗಿಲು ಇವತ್ತು ತುಟಿ ಪಿಟಕ್ಕೆನ್ನದೆ ತೆರೆದುಕೊಂಡಿತು. ಅತ್ತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ತೋರಿಸಿಕೊಂಡು ಬಂದಿದ್ದ ಸೊಸೆ ಚಪ್ಪಲಿ ಬಿಡುವುದನ್ನೂ ಮರೆತು ನಿಂತಳು.

"ಅತ್ತೆ, ಈ ಬಾಗಿಲಿಗೆ ಎಣ್ಣೆ ಬಿಟ್ಟಿದ್ರಾ?"

"ನನ್ನ ಮಂಡಿಗೇ ಎಣ್ಣೆ ಹಚ್ಚೋರಿಲ್ಲ, ಬಾಗಿಲಿಗೆ ಬಿಡ್ತೀನಾ? ನಿನ್ನ ಗಂಡ ಬಿಟ್ಟಿರ್ಬೇಕು."

ಗಂಡ ಊರಲ್ಲಿರಲಿಲ್ಲ. ಇದ್ದಿದ್ದರೂ ಅಂಥ ಕೆಲಸಕ್ಕೆ ಕೈಹಾಕುವ ಜಾತಿಯಲ್ಲ ಆ ಪುಣ್ಯಾತ್ಮ. ಸೊಸೆ ಒಳಗೆ ಹೋಗಿ ನೋಡಿದಳು. ಎಂದೋ ನಿಂತುಹೋಗಿದ್ದ ಗೋಡೆ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಒದ್ದರೂ ಬಾರದ ಕಪಾಟಿನ ಡ್ರಾಯರು ಬೆರಳಿಗೇ ಜಾರಿ ಬಂತು. ಅದರೊಳಗೆ ತಾನು ತುರುಕಿಟ್ಟಿದ್ದ ಒಳಉಡುಪುಗಳನ್ನು ಯಾರೋ ಮಡಿಸಿಟ್ಟಿದ್ದರು, ಅವಳಿಗಿಂತ ಅಚ್ಚುಕಟ್ಟಾಗಿ. ಅವಳಿಗೆ ಹೇಸಿಗೆಯಾಯಿತು. ಅವಷ್ಟನ್ನೂ ಎತ್ತಿ ಬಕೆಟ್ಟಿಗೆ ಹಾಕಿ ನೀರು ಬಿಟ್ಟಳು.

ಯಾರು ಬಂದಿದ್ದರೆಂದು ಅವಳಿಗೆ ಅನುಮಾನವೇ ಇರಲಿಲ್ಲ. ನ್ಯಾಯಾಧೀಶರ ಅಪ್ಪಣೆ ಬೇಡ, ಮನೆಯವರಿಗೆ ಹೇಳುವುದೂ ಬೇಡ, ಪೊಲೀಸರು ಯಾರ ಮನೆಯನ್ನಾದರೂ ಹೊಕ್ಕು ಶೋಧಿಸಬಹುದು ಎಂಬ ಕಾನೂನು ಹೊಸದಾಗಿ ಬಂದಿತ್ತು. ಗ್ರಂಥಾಲಯದ ಕೆಲಸ ಮುಗಿದ ಮೇಲೆ ದಿನಾ ಅವಳು ಅದರ ವಿರುದ್ಧ ಬೀದಿ ಬೀದಿ ಸುತ್ತಿ ಸಹಿ ಕೇಳುತ್ತಿದ್ದಳು. ಭಾನುವಾರ ಮೈದಾನದ ಸಭೆಯಲ್ಲಿ ಅವಳದೇ ಮುಖ್ಯ ಭಾಷಣ. ಸಹಿ ಹಾಕದವರಲ್ಲಿ ಮೊದಲಿಗರು ಸ್ವಂತ ಅತ್ತೆ. "ನಮ್ಮನೇಲಿ ಕದ್ದು ನೋಡೋಕೆ ಏನಿದ್ಯೇ, ನನ್ನ ಹಲ್ಲಿನ ಸೆಟ್ಟಾ?" ಎಂದು ಪೆನ್ನು ಹಿಂದಕ್ಕೆ ಕೊಟ್ಟಿದ್ದರು.

ಸೊಸೆ ಹೋರಾಟ ಸಮಿತಿಯ ವಕೀಲರಿಗೆ ಫೋನು ಮಾಡಿದಳು.

"ಏನು ಕಳೆದಿದೆ?"

"ಏನೂ ಇಲ್ಲ ಸರ್."

"ಏನಾದ್ರೂ ಮುರಿದಿದಾರಾ?"

"ಮುರಿದಿದ್ದನ್ನೆಲ್ಲ ಸರಿಮಾಡಿ ಹೋಗಿದಾರೆ."

"ಒಂದು ಬೀಗ ಮುರಿದಿದ್ರೂ ಸಾಕಿತ್ತಲ್ಲಮ್ಮ," ಎಂದರು ವಕೀಲರು ಸೋತ ದನಿಯಲ್ಲಿ. "ಇದನ್ನ ಮಾತ್ರ ಸಭೇಲಿ ಹೇಳ್ಬೇಡಿ. ನಮ್ಮನೆಗೂ ಕಳಿಸಿ ಅಂತ ಜನ ಸಾಲು ನಿಲ್ತಾರೆ."

ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಯಿತು ಅವಳಿಗೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅತ್ತೆಗೆ ಮಾತ್ರ ಖುಷಿಯೋ ಖುಷಿ. ಡ್ರಾಯರನ್ನು ಎಳೆದು, ಮುಚ್ಚಿ, ಮತ್ತೆ ಎಳೆದು ನೋಡುತ್ತಿದ್ದರು. "ಪೊಲೀಸರೋ ದೆವ್ವವೋ, ಕೈಗುಣ ಮಾತ್ರ ಚೆನ್ನಾಗಿದೆ ಕಣೇ."

"ಹಾಗಾದ್ರೆ ನನ್ನ ರೂಮಿನ ದೀಪ ಯಾಕೆ ಸರಿಮಾಡಿಲ್ಲ? ತಿಂಗಳಿಂದ ಮಿಣಮಿಣ ಅಂತಿದೆ," ಎಂದಳು ಸೊಸೆ. ಹೇಳಿದ ಮೇಲೆ ಅವಳಿಗೇ ಏನೋ ಹೊಳೆಯಿತು. ಅತ್ತೆಗೆ ಒಂದು ಅಭ್ಯಾಸವಿತ್ತು. ದಿನವಿಡೀ ಮನೆಯಲ್ಲಿ ಒಬ್ಬರೇ ಇರುವುದರಿಂದ ಸಾಮಾನುಗಳ ಜೊತೆಗೇ ಅವರ ಜಗಳ. ಗಡಿಯಾರಕ್ಕೆ "ಸತ್ತು ಕೂತಿದೀಯಾ?", ಡ್ರಾಯರಿಗೆ "ಮೊಂಡ ಮುಂಡೇದೆ!", ಹಿಂಬಾಗಿಲಿಗಂತೂ ಬಾಯಿಗೆ ಬಂದ ಬೈಗುಳ. ರೂಮಿನ ದೀಪವನ್ನು ಯಾರೂ ಬೈದಿರಲಿಲ್ಲ.

"ಅತ್ತೆ, ನೀವು ಬೈದಿದ್ದು ಮಾತ್ರ ಸರಿಯಾಗಿದೆ. ಅವರು ಇವತ್ತೊಂದೇ ದಿನ ಬಂದೋರಲ್ಲ. ನಾವು ಮಾತಾಡೋದೆಲ್ಲ ಯಾರೋ ಕೇಳಿಸ್ಕೊಳ್ತಿದಾರೆ."

"ಹೌದಾ?" ಅತ್ತೆಯ ಕಣ್ಣು ಅರಳಿತು. ಸೊಸೆ ಬೇಡ ಬೇಡವೆಂದರೂ ಕೇಳದೆ ಅಡುಗೆಮನೆಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು, ಗಟ್ಟಿಯಾಗಿ ಹೇಳಿದರು: "ಏಯ್ ದರಿದ್ರದ ನಲ್ಲಿ, ಎಷ್ಟು ದಿನ ಅಂತ ಸೋರ್ತೀಯೇ ನೀನು?"

ಮರುದಿನ ಸಂಜೆ ಅತ್ತೆ ವಾಕಿಂಗ್ ಮುಗಿಸಿ, ಸೊಸೆ ಕೆಲಸ ಮುಗಿಸಿ, ಗೇಟಿನ ಹತ್ತಿರ ಒಟ್ಟಿಗೇ ಸಿಕ್ಕರು. ಬೀಗ ತೆಗೆದು ಒಳಗೆ ಹೋದರೆ ಮನೆಯಲ್ಲಿ ತೊಟ್ಟಿಕ್ಕುವ ಸದ್ದಿಲ್ಲ. ನಲ್ಲಿಯ ಕೆಳಗಿನ ಕಲ್ಲು ಒಣಗಿತ್ತು. ಯಾರೋ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಹಿಂಡಿ, ಕೊಡವಿ ಹರವಿ ಹೋಗಿದ್ದರು. ಬಟ್ಟೆ ಇನ್ನೂ ಒದ್ದೆಯಾಗಿತ್ತು.

ಅತ್ತೆ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. "ನೋಡ್ದೇನೇ! ಹೆತ್ತ ಮಗನಿಗೆ ವರ್ಷದಿಂದ ಹೇಳ್ತಿದೀನಿ, ಕಿವಿಗೇ ಹಾಕ್ಕೊಳ್ಳಲಿಲ್ಲ. ಇವರು ನೋಡು!" ಆಮೇಲೆ ಮುಖ ಮೇಲಕ್ಕೆತ್ತಿ, ಪರಿಚಿತರ ಜೊತೆ ಮಾತಾಡುವ ಸಲಿಗೆಯಿಂದ ಹೇಳಿದರು: "ತುಂಬಾ ಉಪಕಾರ ಆಯ್ತು ಕಣ್ರಪ್ಪ, ನಿಮ್ಮ ಹೊಟ್ಟೆ ತಣ್ಣಗಿರ್ಲಿ. ಹಾಗೇ ನಮ್ಮ ಸೊಸೇದೂ ಒಂಚೂರು ನೋಡಿ. ಭಾನುವಾರ ಭಾಷಣವಂತೆ, ರಾತ್ರಿ ಹಗಲು ವಟವಟ ಅಂತಾಳೆ. ಇವಳ ಬಾಯೊಂದು ಸುಮ್ಮನಾಗೋ ಹಾಗೆ ಮಾಡ್ಕೊಟ್ಬಿಡಿ!"

ತಮ್ಮ ಮಾತಿಗೆ ತಾವೇ ಬಿದ್ದು ಬಿದ್ದು ನಕ್ಕು ಅತ್ತೆ ತಿರುಗಿದರು. ಸೊಸೆಯ ಮುಖದಲ್ಲಿ ರಕ್ತವಿರಲಿಲ್ಲ. ಅವಳು ಒಲೆಯ ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

ಅತ್ತೆಯ ನಗು ಅರ್ಧಕ್ಕೇ ನಿಂತಿತು.

"ಅಯ್ಯೋ, ಇಲ್ಲ ಕಣ್ರಪ್ಪ... ಅದು ತಮಾಷೆಗೆ ಅಂದಿದ್ದು," ಎಂದರು ಗೋಡೆಯ ಕಡೆ ತಿರುಗಿ. ಗೋಡೆಗೆ ಕೇಳಿಸಿತೋ ಇಲ್ಲವೋ ಎಂದು ಫ್ಯಾನಿಗೆ ಹೇಳಿದರು. ಸ್ಟೂಲು ಎಳೆದುಕೊಂಡು ಸ್ವಿಚ್ ಬೋರ್ಡಿಗೆ ಬಾಯಿ ಹತ್ತಿರ ತಂದು ಮತ್ತೆ ಹೇಳಿದರು: "ನನ್ನ ಮಗಳಿದ್ದ ಹಾಗೆ ಕಣ್ರಪ್ಪ ಅವಳು. ಅದೊಂದನ್ನ ಸರಿಮಾಡ್ಬೇಡಿ."