ಒಂಬತ್ತನೇ ಗೀಟು

ಕೋಲು ಸುಳ್ಳು ಹೇಳುವುದಿಲ್ಲ. ಹಾಗಾದರೆ ಸುಳ್ಳು ಹೇಳುತ್ತಿರುವವನು ಗಂಡನೇ.

ದೋಣಿಯ ಹಾಸುಹಲಗೆ ಸರಿಸಿ, ನೀರಿನ ತೊಟ್ಟಿಯ ಬಾಯಿಗೆ ಅವಳು ಕೋಲು ಇಳಿಸಿದಳು. ತಳ ಮುಟ್ಟಿ ಟಕ್ ಎಂದಿತು. ಮೇಲೆತ್ತಿ, ಹಿಡಿಯಿಂದ ಕೆಳಕ್ಕೆ ಹೆಬ್ಬೆರಳು ಜಾರಿಸುತ್ತ ಗೀಟುಗಳನ್ನು ಎಣಿಸಿದಳು. ಒಂಬತ್ತು ಒಣ ಗೀಟು ದಾಟಿದ ಮೇಲೆ ಬೆರಳಿಗೆ ತೇವ ಹತ್ತಿತು. ನಿನ್ನೆಯೂ ಒಂಬತ್ತು, ಮೊನ್ನೆಯೂ ಒಂಬತ್ತು. ಇಬ್ಬರು ಕುಡಿದರೂ ಇಳಿಯದ ನೀರು ಯಾವ ಲೋಕದ್ದು?

ಬಿರುಗಾಳಿ ಹಾಯಿಯ ಪಟಸ್ತಂಭವನ್ನು ಮುರಿದು ದೋಣಿಯನ್ನು ಅಲೆಗಳಿಗೆ ಒಪ್ಪಿಸಿದ ದಿನವೇ ಅವಳ ಕನ್ನಡಕವೂ ಸಮುದ್ರದ ಪಾಲಾಗಿತ್ತು. ಅಂದಿನಿಂದ ಬೆರಳೇ ಕಣ್ಣು. ಮೂವತ್ತು ವರ್ಷ ಹೊಲಿಗೆ ಮಾಡಿದವಳು. ಬೀದಿಯ ಅರ್ಧ ಜನರ ಸೊಂಟದ ಸುತ್ತಳತೆ ಅವಳ ಹೊಟ್ಟೆಯೊಳಗಿನ ಗುಟ್ಟು. ಆ ಬೆರಳು ತಪ್ಪುವುದಿಲ್ಲ.

ಗಂಡ ಬಡಗಿ. ಹಳೆಯ ಹಾಯಿದೋಣಿಯೊಂದನ್ನು ಕೊಂಡು, ಹಲಗೆ ಹಲಗೆಯನ್ನೂ ಮಗುವಿನಂತೆ ಸವರಿ ರಿಪೇರಿ ಮಾಡಿ, "ಮಗಳ ಊರಿಗೆ ನೀರಿನ ಮೇಲೇ ಹೋಗೋಣ ಕಣೇ" ಎಂದು ಹೊರಡಿಸಿದ್ದ. ತೊಟ್ಟಿಗಳ ಮಟ್ಟ ತೋರಿಸುವ ಅಳತೆ ಮುಳ್ಳು ಕೆಟ್ಟಿತ್ತೆಂದು ಮುರಿದ ಹುಟ್ಟೊಂದನ್ನು ಸೀಳಿ, ತಲೆಗೆ ತಲೆ, ಬುಡಕ್ಕೆ ಬುಡ ಕೂಡುವಂತೆ ಎರಡು ಕೋಲು ಮಾಡಿದ್ದ. ಒಂದು ನೀರಿಗೆ, ಒಂದು ಡೀಸೆಲ್ಲಿಗೆ. ಎರಡೂ ಬಾಗಿಲ ಪಕ್ಕದ ಮೊಳೆಗಳಲ್ಲಿ ಅವಳಿಜವಳಿಗಳ ಹಾಗೆ ನೇತಾಡುತ್ತಿದ್ದವು. ಮೊನ್ನೆ ಮೊನ್ನೆ ಡೀಸೆಲ್ ಕೋಲನ್ನು ಅವನು ದೋಣಿಯ ಮೂತಿಯ ಕಡೆಗೆ ಸಾಗಿಸಿದ. "ನೀರಿನ ಕೋಲಿಗೆ ವಾಸನೆ ಹತ್ತುತ್ತೆ" ಎಂದ. ಡೀಸೆಲ್ ಹೇಗೂ ದಡ ಕಂಡ ಮೇಲೆ ಸುಡುವುದಕ್ಕೆಂದು ಎತ್ತಿಟ್ಟದ್ದು. ಅದನ್ನು ಅಳೆಯುವ ಕೆಲಸವಿರಲಿಲ್ಲ.

ಅವಳು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. "ನೋಡ್ರೀ, ಹತ್ತು ಗೀಟು ಒಣಗಿದ್ರೆ ಅರ್ಧ ತೊಟ್ಟಿ ಖಾಲಿ ಅಂತ ಲೆಕ್ಕ. ಅಲ್ಲಿಂದಾಚೆ ನನಗೆ ಒಂದು ಹನಿನೂ ಬೇಡ. ಚುಕ್ಕಾಣಿ ಹಿಡಿಯೋರು ನೀವು. ನೀವು ಬಿದ್ರೆ ಇಬ್ಬರೂ ಹೋದ ಹಾಗೆ."

"ಹತ್ತು ಆದಾಗ ನೋಡೋಣ" ಎಂದಿದ್ದ ಅವನು. ಹಟಕ್ಕೆ ಬಿದ್ದರೆ ಅವಳು ಯಾರ ಮಾತಿಗೂ ಜಗ್ಗುವವಳಲ್ಲವೆಂದು ಅವನಿಗೆ ಗೊತ್ತಿತ್ತು.

ಆದರೆ ಹತ್ತು ಆಗುತ್ತಲೇ ಇಲ್ಲ. ಬಿಸಿಲು ನೆತ್ತಿ ಸುಡುವ ಹೊತ್ತಿಗೆ ಅವಳು ಮಂಪರಿಗೆ ಜಾರಿದರೆ ಒಳಗಿನಿಂದ ಕರಕರ ಸದ್ದು. ಎದ್ದು ನೋಡಿದರೆ ಅವನು ತೊಟ್ಟಿಯ ಬಳಿಯೇ ಕೂತಿರುತ್ತಿದ್ದ. ಅಂಗಿಯ ಮೇಲೆ ಮರದ ಹೊಟ್ಟು.

"ಏನ್ರೀ ಅಲ್ಲಿ?"

"ಹಲಗೆ ಬಿಗಿ ಆಗಿದೆ. ಅಂಚು ಕೊಯ್ದು ಸರಿಮಾಡ್ತಿದ್ದೆ. ನೀನು ಮಲಗು."

ಕದ್ದು ಕುಡಿಯುತ್ತಾನೆಯೇ? ಕುಡಿದರೆ ನೀರು ಇಳಿಯಬೇಕು. ಉಪ್ಪುನೀರು ಸುರಿದು ಮಟ್ಟ ಏರಿಸುತ್ತಾನೆಯೇ? ಅವನು ಪಂಪು ಒತ್ತಿ ತುಂಬಿಕೊಟ್ಟ ಲೋಟವನ್ನು ನಾಲಿಗೆಯ ತುದಿಯಲ್ಲಿ ಪರೀಕ್ಷಿಸಿದಳು. ಸಿಹಿನೀರೇ. ಮತ್ತೆ ಉಳಿದದ್ದು ಒಂದೇ: ತನ್ನ ಪಾಲನ್ನು ಕುಡಿಯದೆ ವಾಪಸ್ಸು ಸುರಿಯುತ್ತಿದ್ದಾನೆ. ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು.

"ನನ್ನ ಎದುರಿಗೆ ಕುಡೀರಿ."

ಅವನು ಲೋಟ ಎತ್ತಿದ. ಗುಟುಕರಿಸಿದ ಸದ್ದು ಕೇಳಿಸಿತು. ಮಂಜುಗಣ್ಣಿಗೆ ಗಂಟಲಿನ ಗಂಟು ಮೇಲೆ ಕೆಳಗೆ ಆಡಿದ್ದು ಕಂಡಿತು. "ಸಮಾಧಾನ ಆಯ್ತಾ ತಾಯಿ?" ಎಂದು ಖಾಲಿ ಲೋಟ ಮಗುಚಿ ತೋರಿಸಿದ. ದನಿ ಒಡೆದಿತ್ತು. ಉಪ್ಪುಗಾಳಿಗೆ ಹಾಗಾಗಿದೆ ಎಂದುಕೊಂಡಳು.

ತನ್ನ ಮೈಯೂ ಕುಗ್ಗಿತ್ತು. ಮೊದಲೆಲ್ಲ ನಿಂತೇ ಬಗ್ಗಿ ಕೋಲು ಅದ್ದುತ್ತಿದ್ದವಳು ಈಗ ಮಂಡಿಯೂರಿ, ಕೈಯನ್ನೇ ತೊಟ್ಟಿಯ ಬಾಯೊಳಗೆ ಇಳಿಸಬೇಕಾಗಿತ್ತು. ನಿಶ್ಶಕ್ತಿ ಅಂದರೆ ಇದೇ. ಆದರೂ ಒಂಬತ್ತು ಎಂಬ ಆ ಸಂಖ್ಯೆಯಲ್ಲಿ ಅವಳ ಜೀವ ನಿಂತಿತ್ತು. ತೊಟ್ಟಿ ಇನ್ನೂ ಅರ್ಧಕ್ಕಿಂತ ಮೇಲಿದೆ ಎಂದು ತನಗೆ ತಾನೇ ಹೇಳಿಕೊಂಡು ತನ್ನ ಲೋಟ ಖಾಲಿ ಮಾಡುತ್ತಿದ್ದಳು.

ಮರುದಿನ ಬೆಳಿಗ್ಗೆ ಅವನ ದನಿ ಕೇಳಿತು. "ದಡ ಕಣೇ."

ಅವಳಿಗೆ ಏನೂ ಕಾಣಲಿಲ್ಲ. ಆದರೂ ನಂಬಿದಳು, ಏಕೆಂದರೆ ತಲೆಯ ಮೇಲೆ ಹಕ್ಕಿ ಕೂಗಿತು. ಮಗಳು ದೋಣಿ ನಿಲ್ಲುವ ದಕ್ಕೆಗೆ ಓಡಿ ಬರುತ್ತಾಳೆ, ಈ ಉಪ್ಪುಗಟ್ಟಿದ ಮುಖ ನೋಡಿ ಹೆದರಿಯಾಳು. ಖುಷಿಗೆ ಬುದ್ಧಿ ಎಲ್ಲಿಂದ? ತಾನೇ ಹೋಗಿ ಪಂಪು ಒತ್ತಿದಳು. ಅದು ಎರಡು ಸಲ ಕೆಮ್ಮಿ, ಒಂದು ಲೋಟದಷ್ಟು ಉಗುಳಿತು. ಹಳೇ ಪಂಪು, ಮುದುಕನ ಚಾಳಿ. ಅಷ್ಟೂ ನೀರಿನಲ್ಲಿ ಮುಖ ತೊಳೆದುಕೊಂಡಳು.

ಚುಕ್ಕಾಣಿಗೆ ಒರಗಿದ್ದ ಅವನು ಅದನ್ನು ನೋಡುತ್ತಲೇ ಇದ್ದ.

"ಏನ್ರೀ ಹಾಗೆ ನೋಡ್ತೀರಿ?"

"ಚೆನ್ನಾಗಿ ಕಾಣ್ತೀಯ" ಎಂದ.

"ಇಂಜಿನ್ ಹಚ್ಚೋಣ. ಡೀಸೆಲ್ ಎಷ್ಟಿದೆ ನೋಡಿ ಬರ್ತೀನಿ."

"ಬೇಡ, ನಾನೇ ನೋಡ್ತೀನಿ." ಏಳಲು ಹೋದ. ಕಾಲು ಕೇಳಲಿಲ್ಲ, ಕುಸಿದು ಕೂತ.

"ಕೂತ್ಕೊಳ್ಳಿ ಸುಮ್ಮನೆ" ಎಂದು ಗದರಿ, ಮೂತಿಯ ಕಡೆಯಿಂದ ಡೀಸೆಲ್ ಕೋಲು ತಂದು ಅದ್ದಿದಳು. ದಡಕ್ಕೆ ಸಾಕಾಗಿ ಮಿಗುವಷ್ಟಿತ್ತು. ಇಂಜಿನ್ ಗೊಗ್ಗರು ದನಿಯಲ್ಲಿ ಗುರುಗುಟ್ಟಿತು. ಅವಳಿಗೆ ನಗು ಬಂತು. ಇನ್ನೇನು ವಾಸನೆಯ ಚಿಂತೆ? ಕೋಲನ್ನು ಒರೆಸಿ, ಹಳೆಯ ಜಾಗದಲ್ಲಿ, ನೀರಿನ ಕೋಲಿನ ಪಕ್ಕದ ಮೊಳೆಗೆ ನೇತುಹಾಕಿ, ರೂಢಿಯಂತೆ ಎರಡರ ಬುಡವನ್ನೂ ಒಟ್ಟಿಗೆ ಹಿಡಿಯಲು ಕೈ ಚಾಚಿದಳು.

ಒಂದೇ ಬುಡ ಸಿಕ್ಕಿತು. ನೀರಿನ ಕೋಲು ಅದರ ಅರ್ಧಕ್ಕೇ, ಗರಗಸ ಆಡಿಸಿದ ಹಸಿ ತುದಿಯಲ್ಲಿ, ಮುಗಿದುಹೋಗಿತ್ತು.