ಆಲ್ಫಾ ರಂಗೋಲಿ

ಮನೆಯೊಳಗಿನ ಗಾಳಿಯಲ್ಲಿ ವಿಕಿರಣ ಎಷ್ಟಿದೆಯೆಂದು ತಿಳಿಯಲು ಪಿಎಚ್‌ಡಿ ಮಾಡುತ್ತಿದ್ದ ಅವಳು ಮನೆಮನೆಯಲ್ಲೂ ಪುಟ್ಟದೊಂದು ಪ್ಲಾಸ್ಟಿಕ್ ಫಿಲ್ಮ್ ತೂಗುಹಾಕಿ ಬಂದಿದ್ದಳು. ಆಲ್ಫಾ ಕಣ ಬಡಿದಲ್ಲೆಲ್ಲ ಒಂದು ಚುಕ್ಕಿ. ಎಣಿಸುವುದು ಕಂಪ್ಯೂಟರಿನ ಕೆಲಸ. ಒಂದು ಮನೆಯ ಫಿಲ್ಮಿನಲ್ಲಿ ಮಾತ್ರ ಚುಕ್ಕಿಗಳು ಥೇಟ್ ರಂಗೋಲಿಯಂತೆ ಸಾಲಾಗಿ ಕೂತಿದ್ದವು. ಅವಳ ಗೈಡ್ ಕುಣಿದಾಡಿದರು. ಹೊಸ ಭೌತನಿಯಮವೆಂದು ಪ್ರಬಂಧ ಬರೆದು ವಿದೇಶದ ಜರ್ನಲ್ಲಿಗೆ ಕಳಿಸಿಯೂ ಬಿಟ್ಟರು.

ಅವಳಿಗೆ ಯಾಕೋ ಅನುಮಾನ ಬಂದು ಆ ಮನೆಗೇ ಹೋಗಿ ಕೇಳಿದಳು.

"ಹಬ್ಬದ ದಿನಾನೂ ಬೋಳುಬೋಳಾಗಿ ನೇತಾಡ್ತಿತ್ತು ಕಣಮ್ಮ. ನಾನೇ ಸೂಜೀಲಿ ಚುಕ್ಕಿ ಇಟ್ಟೆ," ಎಂದರು ಆ ಮನೆಯ ಅಜ್ಜಿ.

ಅವಳು ಎದ್ದೆನೋ ಬಿದ್ದೆನೋ ಎಂದು ಗೈಡ್ ಬಳಿ ಓಡಿದಳು. "ಸಾರ್, ಅದು ಅಜ್ಜಿ ಇಟ್ಟ ಚುಕ್ಕಿ! ಪ್ರಬಂಧ ವಾಪಸ್ ತಗೊಳ್ಳಿ, ಇಲ್ಲಾಂದ್ರೆ ನನ್ನ ಪಿಎಚ್‌ಡಿ ಕಥೆ ಮುಗೀತು."

ಗೈಡ್ ನಿಧಾನವಾಗಿ ಕನ್ನಡಕ ಒರೆಸಿಕೊಂಡರು.

"ಜರ್ನಲ್ಲಿನವರು ಇನ್ನೊಂದು ಸ್ಯಾಂಪಲ್ ಕೇಳಿದ್ದಾರಮ್ಮ. ಅಜ್ಜಿಗೆ ನವಿಲು ಬಿಡಿಸೋಕೆ ಬರುತ್ತಾ, ವಿಚಾರಿಸು."