ಶನಿ ಇರುವ ಜಾಗ

ಸಭೆಯಲ್ಲಿ ಬಾಯಿ ತೆರೆದರೆ ದನಿ ನಡುಗೀತೆಂಬ ಹೆದರಿಕೆ ನನಗೆ. ಈ ಡೈರಿಗೆ ಬಿಟ್ಟರೆ ಯಾರಿಗೂ ಅದನ್ನು ಹೇಳಿಲ್ಲ.

ಗ್ರಹವಸತಿ ಕಚೇರಿಯಲ್ಲಿ ಮೇಜಿನ ಮೇಲೆ ಸೌರವ್ಯೂಹ ಜೋಡಿಸುವುದು ನನ್ನ ಕೆಲಸ. ಸೂರ್ಯನಿಗೆ ಕುಂಬಳಕಾಯಿ, ಭೂಮಿಗೆ ಜೋಳದ ಕಾಳು, ಶನಿಗೆ ನೆಲ್ಲಿಕಾಯಿ. ಗಾತ್ರವೆಲ್ಲ ಸರಿಯೇ, ದೂರವನ್ನು ಮಾತ್ರ ಮೇಜಿನ ಉದ್ದಕ್ಕೆ ಕುಗ್ಗಿಸುವುದು ಇಲ್ಲಿಯ ಪದ್ಧತಿ. ಸಭೆ ಮುಗಿದ ಮೇಲೆ ಸೂರ್ಯ ಕ್ಯಾಂಟೀನಿನ ಪಲ್ಯಕ್ಕೆ ಹೋಗುತ್ತಾನೆ.

ಶನಿಯ ವಸತಿಯಲ್ಲಿ ನನ್ನ ಅಕ್ಕ ಸೇರಿ ನಲವತ್ತು ಜನರಿದ್ದಾರೆ. ಅವರಿಗೆ ದಿನಸಿ ಹೊತ್ತು ವರ್ಷಕ್ಕೊಂದು ಹಡಗು ಹೋಗುತ್ತದೆ. ಇಂದಿನ ಸಭೆಯಲ್ಲಿ ನಮ್ಮ ಮೇಲಧಿಕಾರಿ ಹಂಚಿನಾಳ ಸಾಹೇಬರು ಜೋಳದ ಕಾಳಿನಿಂದ ನೆಲ್ಲಿಕಾಯಿಯವರೆಗೆ ಗೇಣು ಹಾಕಿದರು.

“ಹತ್ತ ಗೇಣ ಐತಿ. ಮೂರು ವರ್ಷಕ್ಕೊಂದು ಹಡಗು ಸಾಕ್ರಿ. ಏನಾರ ಆದ್ರ ಹೋಗಿ ಕರಕೊಂಡು ಬಂದ್ರಾತು.”

ಎಲ್ಲರೂ ತಲೆಯಾಡಿಸಿದರು. ಸಿಟ್ಟಿಗೆ ನನ್ನ ಕಿವಿ ಬಿಸಿಯಾಯಿತು. ಇವರ ಮೇಜು ಮುಗಿದಲ್ಲಿ ಆಕಾಶವೂ ಮುಗಿಯಬೇಕೇ? ಎರಡು ವರ್ಷದಿಂದ ಹೀಗೆ ಜೋಡಿಸಿಕೊಟ್ಟವಳು ನಾನೇ ಎಂಬುದು ಇನ್ನೂ ಉರಿಸಿತು. ನೆಲ್ಲಿಕಾಯಿ ಎತ್ತಿಕೊಂಡು ಹೊರನಡೆದೆ.

“ಏ ತಂಗಿ, ಶನಿ ತಗೊಂಡು ಎಲ್ಲಿಗೆ ಹೊಂಟಿ?” ಎಂದು ನಗುತ್ತ ಎಲ್ಲರೂ ಹಿಂದೆ ಬಂದರು.

ಗೇಟು ದಾಟಿದೆ. ಚಹಾದಂಗಡಿಯಲ್ಲಿ ಅರ್ಧ ಜನ ಉಳಿದುಬಿಟ್ಟರು. ಪಂಕ್ಚರ್ ಅಂಗಡಿಯನ್ನೂ ದಾಟಿ, ಕುಂಬಳಕಾಯಿಯ ಗಾತ್ರಕ್ಕೆ ಶನಿ ನಿಜವಾಗಿ ಇರಬೇಕಾದ ದೂರ, ಮುನ್ನೂರು ಮೀಟರ್ ಆದಾಗ ನಿಂತೆ. ಸಾಹೇಬರು ಏದುಸಿರು ಬಿಡುತ್ತ ಬಂದರು.

“ಇಷ್ಟ್ ದೂರ ಯಾಕವ್ವಾ? ಇಲ್ಲಿಂದ ನಮ್ಮ ಆಫೀಸೂ ಕಾಣವಲ್ದು!”

ನನ್ನ ದನಿ ನಡುಗಿತು. ನಡುಗಲಿ.

“ನಮ್ಮಕ್ಕ ಇರೂದು ಇಲ್ಲೇ, ಸರ್.”